ಅಮ್ಮನ ಮೊಳ

ಶಹಾಬಾದ
ಶನಿವಾರ, 15 ಫೆಬ್ರುವರಿ 2025

ಪ್ರೀತಿಯ ಅಣ್ಣಾ,

ನಿನಗೂ ಸರಿತಾ ವೈನಿಗೂ ನಮಸ್ಕಾರ. ನಿನ್ನ ಸೊಂಟನೋವು ಈಗ ಹೇಗಿದೆ? ಗೂಡ್ಸ್ ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಹತ್ತು ತಾಸು ಅಲ್ಲಾಡಿಕೊಂಡು ಕೂತರೆ ಎಂಥ ಗಾರ್ಡಿನ ಸೊಂಟವಾದರೂ ಸವೆಯುತ್ತದೆ. ಅಮ್ಮ ಕಾಸಿ ಕೊಟ್ಟ ಎಣ್ಣೆಯ ಬಾಟಲಿಯ ಮುಚ್ಚಳ ಇನ್ನೂ ತೆಗೆದಿಲ್ಲ ಎಂದು ವೈನಿ ಹೇಳಿದಳು. ಆ ಸುದ್ದಿಯನ್ನು ಅಮ್ಮನಿಗೆ ಮುಟ್ಟಿಸಿಲ್ಲ, ನನಗೆ ಋಣಿಯಾಗಿರು. ಗುಂತಕಲ್ಲಿನಲ್ಲಿ ಬಿಸಿಲು ಶುರುವಾಗಿರಬೇಕು. ಇಲ್ಲಿ ಶಿವರಾತ್ರಿಗೆ ಇನ್ನೂ ಹತ್ತು ಹನ್ನೊಂದು ದಿನ ಇರುವಾಗಲೇ ಫರ್ಸಿ ಕಲ್ಲಿನ ಧೂಳು ಹೊತ್ತ ಬಿಸಿಗಾಳಿ ಬೀಸುತ್ತಿದೆ. ಅಮ್ಮನ ಬಿ.ಪಿ. ಹದದಲ್ಲಿದೆ, ಮೊಣಕಾಲು ಮಾತ್ರ ಬೆಳಿಗ್ಗೆ ಹೊತ್ತು ಹಟ ಮಾಡುತ್ತದೆ. ನಾನು ಚೆನ್ನಾಗಿದ್ದೇನೆ, ಸಿಟ್ಟನ್ನು ಕಾಯಿಲೆಗಳ ಪಟ್ಟಿಗೆ ಸೇರಿಸದಿದ್ದರೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಹುಬ್ಬೇರಿಸುತ್ತೀ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನಿನ್ನ ಗಾಡಿಗೆ ಸಿಗ್ನಲ್ ಸಿಗುತ್ತದೆ. ಮೆಸೇಜು ಕಳಿಸಿದರೆ ಹೆಬ್ಬೆರಳಿನ ಚಿತ್ರ ಒತ್ತಿ ಕೈತೊಳೆದುಕೊಳ್ಳುತ್ತೀ. ಈ ಸಲ ನೀನು ಕೂತು, ಪೂರ್ತಿ ಓದಿ, ಜೊತೆಗಿಟ್ಟಿರುವ ನಕ್ಷೆಯನ್ನೂ ಬಿಡಿಸಿ ನೋಡಬೇಕು. ವಿಷಯ ಅಮ್ಮನ ಮನೆಯದು. ಹೊಸ ಮನೆಯಲ್ಲಿ ಅಮ್ಮನಿಗೆಂದು ನಾನು ತೆಗೆದಿಟ್ಟ ಎರಡು ಅಡಿ ಎಂಟು ಇಂಚು ಜಾಗವನ್ನು ರಘೂತ್ತಮ ಕಾಕಾ ಹಾಡುಹಗಲೇ ಕಿತ್ತುಕೊಂಡಿದ್ದಾರೆ. ಅದೂ ನಿನ್ನ ಹೆಸರಿನಲ್ಲಿ.

ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನಾನು ಏನು ಓದಿದೆ, ಏನು ಕೆಲಸ ಮಾಡುತ್ತೇನೆ ಎಂದು ನೀನು ಯಾವತ್ತೂ ಸರಿಯಾಗಿ ಕೇಳಿಲ್ಲ. ಗೆಳೆಯರಿಗೆ ನನ್ನ ಪರಿಚಯ ಮಾಡಿಸುವಾಗ 'ನಮ್ಮ ತಂಗಿ ಮನಿ ಚಿತ್ರ ತೆಗೀತಾಳ' ಎನ್ನುತ್ತೀ. ಕಲಬುರಗಿಯಲ್ಲಿ ಐದು ವರ್ಷ ನಾನು ಚಿತ್ರ ತೆಗೆಯಲಿಲ್ಲ, ಜನರ ಅಳತೆ ತೆಗೆದೆ. ಎರಡನೆಯ ವರ್ಷ ಚಿಂಚೋಳಿಯ ಒಂದು ಹಳೆಯ ವಾಡೆಯನ್ನು ಇಂಚಿಂಚು ಅಳೆದು ನಕ್ಷೆ ಮಾಡುವ ಕೆಲಸ ಕೊಟ್ಟಿದ್ದರು. ನಾವು ಆರು ಜನ ಮೂರು ದಿನ ಟೇಪು ಹಿಡಿದು ಕಂಬ, ತೊಲೆ, ಮೆಟ್ಟಿಲು, ಕಡೆಗೆ ಗಿಳಿಗೂಟವನ್ನೂ ಬಿಡದೆ ಅಳೆದೆವು. ಕೊನೆಯ ದಿನ ಹಾಳೆಗಳನ್ನು ಆ ಮನೆಯ ಹಿರಿಯಳು ಜಾನಬಿಯವರಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಎಲ್ಲ ನೋಡಿದ ಮೇಲೆ ಆಕೆ ಕೇಳಿದ್ದು ಒಂದೇ: "ಎಲ್ಲಾ ಬರ್ದೀ ಬೇಟಾ, ನಾ ದಿನಾ ಕುಂದ್ರೋದು ಎಲ್ಲೈತಿ ಇದರಾಗ?" ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಐವತ್ತು ವರ್ಷ ಕೂತು ಕೂತು ಆಕೆ ಕಲ್ಲನ್ನೇ ತಗ್ಗು ಮಾಡಿದ್ದಳು, ನಾವು ಅದನ್ನು ನೇರ ಗೆರೆ ಎಳೆದು ಸಪಾಟು ಮಾಡಿದ್ದೆವು. ನನಗೆ ಬಂದ ನಾಚಿಕೆ ಅಷ್ಟಿಷ್ಟಲ್ಲ. ಆವತ್ತಿನಿಂದ ಮನೆ ಅಳೆಯುವ ಮೊದಲು ಮನೆಯಲ್ಲಿರುವ ಹೆಂಗಸು ಎಲ್ಲಿ ನಿಲ್ಲುತ್ತಾಳೆ, ಎಲ್ಲಿ ಕೂರುತ್ತಾಳೆ ಎಂದು ಅಳೆಯುತ್ತೇನೆ.

ಅದಕ್ಕೆ ಸಿಕ್ಕ ಬಹುಮಾನವನ್ನೂ ಕೇಳು. ಕೊನೆಯ ವರ್ಷದ ದೊಡ್ಡ ಪ್ರಾಜೆಕ್ಟಿಗೆ ನಾನು ನಮ್ಮೂರಿನ ಕಲ್ಲು ಪಾಲಿಶ್ ಮಾಡುವ ಅಂಗಳವನ್ನು ಆರಿಸಿಕೊಂಡೆ. ಅಲ್ಲಿ ಕೆಲಸ ಮಾಡುವವರು ದಿನವಿಡೀ ಕೆಸರುನೀರಿನಲ್ಲಿ ನಿಂತು ಕಾಲ್ಬೆರಳು ಕೊಳೆಸಿಕೊಳ್ಳುವುದನ್ನು ನೀನೂ ನೋಡಿದ್ದೀ. ನೀರು ತಾನೇ ಹರಿದುಹೋಗುವ ಇಳಿಜಾರು ನೆಲ, ನಿಲ್ಲಲು ಒಣ ಕಟ್ಟೆ, ಧೂಳು ಮೇಲಿಂದ ಹೊರಬೀಳುವ ಮಾಡು, ಇಷ್ಟನ್ನೇ ಎಂಟು ತಿಂಗಳು ಕೂತು ತಿದ್ದಿದೆ. ಪರೀಕ್ಷೆಗೆ ಹೊರಗಿನಿಂದ ಬಂದ ಮಹಾಶಯರು ಎರಡು ನಿಮಿಷ ನೋಡಿ, ಇದು ಶೆಡ್ ಅಲ್ಲವೇ, ಇದರಲ್ಲಿ ಆರ್ಕಿಟೆಕ್ಚರ್ ಎಲ್ಲಿದೆ ಎಂದರು. ನನ್ನ ಪಕ್ಕದವನು ಮಾಡಿದ್ದ ಗಾಜಿನ ಮ್ಯೂಜಿಯಂಗೆ ಚಪ್ಪಾಳೆ. ನಮ್ಮ ಸೀಮೆಯ ಬಿಸಿಲಿಗೆ ಗಾಜು! ಹೊಟ್ಟೆ ಉರಿಯದೆ ಇರುತ್ತದೆಯೇ? ಆಮೇಲೆ ಕೆಲಸಕ್ಕೆ ಸೇರಿದ ಆಫೀಸಿನಲ್ಲಿ ಮೊದಲು ಸಿಕ್ಕದ್ದು ಸೇಡಂನ ಒಂದು ಫಂಕ್ಷನ್ ಹಾಲ್. ಬಾಣಂತಿಯರು ಕೂಸಿಗೆ ಹಾಲು ಕುಡಿಸಲು ಒಂದು ಸಣ್ಣ ಕೋಣೆ ಹಾಕಿದ್ದೆ. ಉದ್ಘಾಟನೆಗೆ ಹೋಗಿ ನೋಡಿದರೆ ಅಲ್ಲಿ ಜನರೇಟರ್ ಕೂತು ಗುಡುಗುತ್ತಿತ್ತು, ಒಬ್ಬ ಹೆಣ್ಣುಮಗಳು ಚಪ್ಪಲಿ ಬಿಡುವ ಜಾಗದಲ್ಲಿ ಗೋಡೆಗೆ ಮುಖಮಾಡಿ ಕೂತಿದ್ದಳು. ಮಾಲೀಕರನ್ನು ಕೇಳಿದ್ದಕ್ಕೆ, ಮದುವೆಗೆ ಬಂದವರು ಊಟ ನೋಡುತ್ತಾರೆಯೇ ಹೊರತು ಕೋಣೆ ಎಣಿಸುವುದಿಲ್ಲ ಎಂದು ನಕ್ಕರು. ಬೇರೆಯವರ ಕಟ್ಟಡ, ಬೇರೆಯವರ ಹಟ, ನುಂಗಿಕೊಂಡೆ. ನಮ್ಮದೇ ಮನೆಯಲ್ಲಿ ಹೀಗಾಗಲಿಕ್ಕಿಲ್ಲ ಎಂದುಕೊಂಡಿದ್ದೆ, ಮೂರ್ಖಳು.

ಅಮ್ಮ ಮೂವತ್ತೆರಡು ವರ್ಷ ನಾಲವಾರ, ವಾಡಿ, ಚಿತ್ತಾಪುರ ಎಂದು ಪ್ಯಾಸೆಂಜರ್ ಗಾಡಿಯಲ್ಲಿ ನಿಂತು ಹೋಗಿ ಪಾಠ ಹೇಳಿ, ನಿವೃತ್ತಿಯ ಹಣದಲ್ಲಿ ತನ್ನ ಹೆಸರಿಗೆ ಕೊಂಡ ಜಾಗ ಅದು. ನಾನು ಸ್ವಂತ ಸಹಿ ಹಾಕಿದ ಮೊದಲ ನಕ್ಷೆಯೂ ಆ ಮನೆಯದೇ. ಈಗಿನ ಬಾಡಿಗೆ ಮನೆ ನಿನಗೆ ಗೊತ್ತಲ್ಲ. ಬಚ್ಚಲು ಹಿತ್ತಲಲ್ಲಿ, ಅಡುಗೆಮನೆ ಮುಂದೆ, ನಡುವೆ ಎಲ್ಲರೂ ಕೂರುವ ಹಾಲು. ಅಮ್ಮ ಮಡಿಯಲ್ಲಿ, ಒದ್ದೆ ಸೀರೆಯಲ್ಲಿ, ತಂಬಿಗೆ ಹಿಡಿದು ಆ ಹಾಲನ್ನು ದಾಟಬೇಕು. "ಸರಕೊಳ್ರಿ, ಮಡಿಲೆ ಬರ್ಲಿಕತ್ತೀನಿ" ಎಂದು ಕೂಗಿದರೆ ನಾವಿಬ್ಬರೂ ಮಂಚದ ಮೇಲೆ ಕಾಲೆತ್ತಿಕೊಳ್ಳುತ್ತಿದ್ದೆವು, ನಿನ್ನ ಗೆಳೆಯರು ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು, ಅಪ್ಪನ ಜೊತೆ ಮಾತಿಗೆ ಬಂದವರು ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಆಟ. ಅಮ್ಮ ತಲೆ ತಗ್ಗಿಸಿ, ಸೀರೆ ಮೈಗೆ ಅಂಟಿಕೊಂಡದ್ದನ್ನು ಒಂದು ಕೈಯಲ್ಲಿ ಬಿಡಿಸಿಕೊಳ್ಳುತ್ತ ಹೋಗುತ್ತಿದ್ದದ್ದು ನಾನು ಹದಿನಾಲ್ಕು ವರ್ಷದವಳಾಗುವ ತನಕ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನೀನು ಇವತ್ತಿಗೂ ನೋಡಿಲ್ಲ ಎಂದು ನನ್ನ ಗುಮಾನಿ. ಮಡಿಯಲ್ಲಿ ನನಗೆ ನಂಬಿಕೆ ಇಲ್ಲ, ಅದು ಬೇರೆ ಜಗಳ. ನಂಬಿಕೆ ಇರುವವಳು ದಿನವೂ ಜನರ ನಡುವೆ ಹಾಗೆ ಹಾದುಹೋಗಬಾರದು, ಅಷ್ಟೇ ನನ್ನ ತಕರಾರು. ಅದಕ್ಕೇ ಹೊಸ ಮನೆಯ ಪಡುವಣ ಬದಿಗೆ ಬಚ್ಚಲಿನಿಂದ ನೇರ ಅಡುಗೆಮನೆಗೂ ದೇವರ ಕೋಣೆಗೂ ಹೋಗುವ ಒಂದು ಓಣಿ ಹಾಕಿದೆ. ಗೋಡೆ ಸೇರಿ ಎರಡು ಅಡಿ ಎಂಟು ಇಂಚು. ನೆಲಕ್ಕೆ ಪಾಲಿಶ್ ಮಾಡದ ಫರ್ಸಿ, ಒದ್ದೆ ಕಾಲು ಜಾರಬಾರದೆಂದು. ಸೊಂಟದೆತ್ತರದಲ್ಲಿ ಹಿಡಿದುಕೊಳ್ಳಲು ಒಂದು ಸರಳು, ಅವಳ ಮೊಣಕಾಲಿಗಾಗಿ. ನಕ್ಷೆಯಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಮಾಡಿದ್ದೇನೆ, ನೋಡು.

ಆಯ ನೋಡದೆ ಮನೆ ಕಟ್ಟಿದರೆ ಕಾಕಾ ಮೂರು ದಿನ ಊಟ ಬಿಡುತ್ತಾರೆಂದು ಗೊತ್ತಿದ್ದರಿಂದ ಅದನ್ನೂ ನಾನೇ ಮೊದಲು ನೋಡಿದೆ. ನಿನಗೆ ಮರೆತಿದ್ದರೆ ಹೇಳುತ್ತೇನೆ: ಮನೆಯ ಯಜಮಾನನ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ. ಉದ್ದ ಎಷ್ಟು ಮೊಳ, ಅಗಲ ಎಷ್ಟು ಮೊಳ ಎಂದು ಗುಣಿಸಿ, ಅದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಆಯ. ಬೆಸ ಉಳಿದರೆ ಶುಭ, ಸಮ ಉಳಿದರೆ ಆಗದು. ಜಾಗ ಅಮ್ಮನದು, ಹಣ ಅಮ್ಮನದು, ಆದ್ದರಿಂದ ಅಮ್ಮನ ಕೈಯನ್ನೇ ಅಳೆದೆ. ಹದಿನಾರೂವರೆ ಇಂಚು. ಅಗಲ ಇಪ್ಪತ್ತೊಂದು ಮೊಳ, ಉದ್ದ ಇಪ್ಪತ್ತೈದು. ಶೇಷ ಐದು, ವೃಷಭಾಯ, ಯಾವ ಶಾಸ್ತ್ರಿಯೂ ಮೂಗು ಮುರಿಯುವಂತಿಲ್ಲ. ಟೇಪು ಹಿಡಿದಾಗ ಅಮ್ಮ ಚಿಕ್ಕ ಹುಡುಗಿಯ ಹಾಗೆ ಕೈ ನೆಟ್ಟಗೆ ಚಾಚಿ ಕೂತಿದ್ದಳು. "ಬಳಿಗಾರ ಬಿಟ್ಟರ ನನ್ನ ಕೈ ಅಳತಿ ಯಾರೂ ತಗೊಂಡಿದ್ದಿಲ್ಲ" ಎಂದಳು. ಅಪ್ಪ ಹೋದ ಮೇಲೆ ಬಳೆಗಾರನೂ ಬರುವುದು ನಿಂತಿತ್ತು ಎಂಬುದು ನನಗೆ ಆಮೇಲೆ ಹೊಳೆಯಿತು. ಆ ದಿನ ಸಂಜೆ ಅವಳು ಎದುರುಮನೆಯ ಪೂನಮ್‌ಗೆ, ನನ್ನ ಕೈ ಅಳತೆಯ ಮನೆ ಕಟ್ಟುತ್ತಾರೆ ಎಂದು ಎರಡು ಸಲ ಹೇಳಿದ್ದನ್ನು ಕಿಟಕಿಯಿಂದ ಕೇಳಿದೆ.

ಭೂಮಿಪೂಜೆ ಮುಗಿಸಿ, ಸುಣ್ಣದ ಗೆರೆ ಹಾಕಿಸಿ, ಆಫೀಸಿನ ಕೆಲಸಕ್ಕೆ ಎಂಟು ದಿನ ಕಲಬುರಗಿಗೆ ಹೋದೆ. ಹಿಂದಿರುಗಿ ಬಂದು ನೋಡಿದರೆ ಬುನಾದಿಯ ಪಡುವಣ ಸಾಲು ಒಳಗೆ ಸರಿದಿದೆ. ಮೊದಲು ನನ್ನ ಕಣ್ಣನ್ನೇ ನಂಬಲಿಲ್ಲ, ಟೇಪು ಹಿಡಿದೆ. ಸರಿಯಾಗಿ ಮೂವತ್ತೆರಡು ಇಂಚು. ಗೌಂಡಿ ಹಣಮಪ್ಪ ತಲೆ ಕೆರೆದುಕೊಂಡ. "ಬ್ಯಾಡ್ರಿ ಅಂದೆ ನಾ. ಕಾಕಾರು ನಿಂತು ಸುಣ್ಣ ಅಳಿಸಿ ಹೊಸಾ ಗೆರಿ ಹಾಕಿಸಿದ್ರರಿ, ನಾ ಏನ್ ಮಾಡ್ಲಿ." ಓಣಿ ಮಾಯ. ಬಚ್ಚಲಿನ ಬಾಗಿಲು ಮತ್ತೆ ಹಾಲಿಗೇ ತೆರೆಯಬೇಕು. ಉದ್ದಕ್ಕೆ ಮಾತ್ರ ಒಂದಡಿ ಒಂದಿಂಚು ಹೆಚ್ಚಾಗಿದೆ. ಅದು ಮುಂದಿನ ಪಡಸಾಲೆಗೆ, ಕಾಕಾ ಕುರ್ಚಿ ಹಾಕಿಕೊಂಡು ಪೇಪರ್ ಓದಲು.

ಚಪ್ಪಲಿ ಸಹ ಬಿಚ್ಚದೆ ಕಾಕಾನ ಮನೆಗೆ ಹೋದೆ. ಅವರು ಶಾಂತವಾಗಿ ಚಹಾ ಹೀರುತ್ತ ಹೇಳಿದರು: "ನಿಮ್ಮಮ್ಮನ ಕೈಲೆ ಆಯ ನೋಡಂಗಿಲ್ಲವಾ. ನಿಮ್ಮಪ್ಪ ಇದ್ದಿದ್ರ ಮಾತು ಬ್ಯಾರೆ. ಈಗ ಮಗಾ ವಿಠ್ಠಲನೇ ಯಜಮಾನ." ಗಂಡ ಸತ್ತವಳ ಕೈ ಎಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಮರ್ಯಾದೆ ಉಳಿಸಿದರು. ಮೂವತ್ತೆರಡು ವರ್ಷ ಸಂಬಳ ಎಣಿಸಿ ಮನೆ ನಡೆಸುವಾಗ ಆ ಕೈ ಯಾರಿಗೂ ಮೈಲಿಗೆಯಾಗಲಿಲ್ಲ. ನಿನ್ನ ಹಾಸ್ಟೆಲಿಗೆ ಅವಲಕ್ಕಿ ಹಚ್ಚಿ ಕಳಿಸಿದ್ದೂ ಅದೇ ಕೈ. ಆಯಿತು, ವಿಠ್ಠಲನ ಮೊಳ ನಿಮಗೆ ಎಲ್ಲಿ ಸಿಕ್ಕಿತು, ಅವನು ಗುಂತಕಲ್ಲಿನಲ್ಲಿ ಇದ್ದಾನಲ್ಲ ಎಂದು ಕೇಳಿದೆ. ಇಲ್ಲಿಂದ ಮುಂದೆ ನೀನು ನಗುತ್ತೀ, ನನಗೆ ನಗು ಬರಲಿಲ್ಲ. ದೀಪಾವಳಿಗೆ ಬಂದಾಗ ನೀನು ಇಲ್ಲಿ ಬಿಟ್ಟುಹೋದ ನೀಲಿ ಶರ್ಟು ತೆಗೆದು, ತೋಳನ್ನು ಮೊಣಕೈಯ ನಿರಿಗೆಯಿಂದ ಕಫಿನವರೆಗೆ ಅಳೆದಿದ್ದಾರೆ. ಹತ್ತೂವರೆ ಇಂಚು. ಶರ್ಟಿಗೆ ಅಂಗೈ ಎಲ್ಲಿಂದ ಬರಬೇಕು? ಕಾಕಾ ತಮ್ಮ ಅಂಗೈಯನ್ನೇ ಕಫಿನ ಮುಂದಿಟ್ಟು ಎಂಟು ಇಂಚು ಕೂಡಿಸಿದ್ದಾರೆ. ಅರ್ಧ ನಿನ್ನ ಶರ್ಟು, ಅರ್ಧ ಅವರ ಕೈ, ಒಟ್ಟು ಹದಿನೆಂಟೂವರೆ. ಆ ಲೆಕ್ಕಕ್ಕೆ ಅಗಲ ಹದಿನೇಳು ಮೊಳ, ಉದ್ದ ಇಪ್ಪತ್ಮೂರು, ಶೇಷ ಏಳು, ಗಜಾಯವಂತೆ. ಜಗತ್ತಿನಲ್ಲಿ ಇಲ್ಲದ ಒಬ್ಬ ಮನುಷ್ಯನ ಮೊಳದಿಂದ ನಮ್ಮ ಮನೆ ಏಳುತ್ತಿದೆ. ಇದ್ದ ಹೆಂಗಸಿನ ಕೈ ಆಗುವುದಿಲ್ಲ, ಇಲ್ಲದ ಗಂಡಸಿನ ಅಂಗಿ ಆಗುತ್ತದೆ. ಶಾಸ್ತ್ರ ಹೇಳುವುದು, ಬದನೆಕಾಯಿ ತಿನ್ನುವುದು ಎಂದರೆ ಇದೇ ಅಲ್ಲವೇ?

ಕಾಕಾ ಕೆಟ್ಟವರಲ್ಲ, ನನಗೆ ಗೊತ್ತು. ಅಪ್ಪ ಹೋದಾಗ ಆಸ್ಪತ್ರೆ, ಸುಡುಗಾಡು, ಪೆನ್ಶನ್ ಕಚೇರಿ ಎಲ್ಲ ಕಡೆ ಓಡಿದವರು ಅವರೇ. ಅವರು ಓಡಿದ್ದಕ್ಕೆ ಅಮ್ಮ ಹನ್ನೊಂದು ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದಾಳೆ. ನನಗೆ ಕಾಕಾನಿಗಿಂತ ಹೆಚ್ಚು ಸಿಟ್ಟು ಬಂದದ್ದು ಅಮ್ಮನ ಮೇಲೆ. ಮನೆಗೆ ಬಂದು ಎಲ್ಲ ಹೇಳಿದರೆ ಅವಳು ಮೊರದಲ್ಲಿ ತೊಗರಿಬೇಳೆ ಆರಿಸುವುದನ್ನು ನಿಲ್ಲಿಸಲಿಲ್ಲ. "ಇರಲಿ ಬಿಡು. ಇಷ್ಟು ವರ್ಷ ಹಾಲಿನಾಗಿಂದ ನಡದಿಲ್ಲೇನು? ಇನ್ನೇನು, ಸ್ವಲ್ಪ ದಿನ" ಎಂದಳು. ಅರವತ್ತೊಂದು ವರ್ಷದ ಹೆಂಗಸು ತನ್ನ ಸ್ವಂತ ಮನೆಯ ಬುನಾದಿಗೆ ಕಲ್ಲು ಬೀಳುವಾಗ ಆಡುವ ಮಾತೇ ಇದು? ಆ ಮೊರವನ್ನು ಕಿತ್ತು ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಪಕ್ಕದಲ್ಲಿ ಕೂತು ಹರಳು ಆರಿಸಿದೆ.

ಆದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿ ಸೇಡಂಗೆ ಹೋದೆ, ನಮ್ಮ ಮನೆಯ ಕಾರ್ಯಗಳನ್ನೆಲ್ಲ ಮಾಡಿಸುವ ಗೋಪಾಲಾಚಾರ್ಯರ ಹತ್ತಿರ. ಆಯ ನೋಡಲು ಹೆಂಗಸಿನ ಮೊಳ ನಡೆಯುತ್ತದೋ ಇಲ್ಲವೋ ಎಂದು ಸುತ್ತು ಬಳಸದೆ ಕೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಜಾಗ ಯಾರ ಹೆಸರಿಗಿದೆ ಎಂದು ಕೇಳಿದರು. ಅಮ್ಮನ ಹೆಸರಿಗೆ ಎಂದೆ. "ಹಂಗಾರ ಅವರೇ ಯಜಮಾನ್ರು. ಅವರ ಕೈಲೇ ನೋಡಬೇಕು, ಇದರಾಗ ಕೇಳೋದೇನದ?" ಅವರ ಅಪ್ಪಣೆ ಪಡೆದು ಆ ಮಾತನ್ನು ಮೊಬೈಲಿನಲ್ಲಿ ಇನ್ನೊಮ್ಮೆ ಹೇಳಿಸಿ ತುಂಬಿಕೊಂಡೆ. ಸಂಜೆ ಕಾಕಾನ ಎದುರಿಗಿಟ್ಟು ಮೂರು ಸಲ ಕೇಳಿಸಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ, ನಮ್ಮಲ್ಲಿ ಪೂಜಾರಿಯೂ ಕೊಟ್ಟಾಯಿತು, ಇನ್ನು ನಿಮ್ಮದೇನು ಎಂದು ಕೇಳಿಯೇಬಿಟ್ಟೆ. ಅವರು ಒಳಗೆ ಹೋಗಿ ಕನ್ನಡಕ ಒರೆಸಿಕೊಂಡು ಬಂದು, ನೋಡೋಣ ಎಂದರು. ನಾನು ಗೆದ್ದೆ ಅಣ್ಣಾ. ಎಂಟು ವರ್ಷದಲ್ಲಿ ನನ್ನ ಒಂದು ಗೆರೆ ಮೊದಲ ಸಲ ಉಳಿಯಿತು.

ಈಗ ನಿನ್ನಿಂದ ಆಗಬೇಕಾದದ್ದು ಸಣ್ಣದು. ಕಾಕಾನಿಗೆ ಮುಖಭಂಗವಾದ ಹಾಗೆ ಅನ್ನಿಸಬಾರದು, ಹಿರಿಯರು. ಆಚಾರ್ಯರು ಹೇಳಿದ ಹಾಗೆ ಅಮ್ಮನ ಮೊಳವೇ ಇರಲಿ ಎಂದು ನೀನೂ ಒಂದು ಮಾತು ಮೃದುವಾಗಿ ಹೇಳಿಬಿಡು, ಗಂಡುಮಗನ ಮಾತಿನಿಂದ ಒಪ್ಪಿದೆ ಎಂದು ಅವರಿಗೂ ಸಮಾಧಾನವಾಗುತ್ತದೆ. ಬುನಾದಿ ಇನ್ನೂ ಆಳ ಹೋಗಿಲ್ಲ, ಪಡುವಣ ಸಾಲನ್ನು ಎರಡು ದಿನದಲ್ಲಿ ಮೊದಲಿನ ಗೆರೆಗೆ ತರಬಹುದು ಎಂದು ಹಣಮಪ್ಪ ಹೇಳಿದ್ದಾನೆ. ಸೊಂಟಕ್ಕೆ ಎಣ್ಣೆ ಹಚ್ಚಿಕೊ. ವೈನಿಗೆ ಹೇಳು, ಅವಳು ಬಂದರೆ ಇರಲು ಬೆಳಕು ಬರುವ ಒಂದು ಕೋಣೆ ಹಾಕಿದ್ದೇನೆ, ಅದನ್ನು ಯಾರೂ ಮುಟ್ಟಿಲ್ಲ. ನಿಮ್ಮಿಬ್ಬರನ್ನೂ ಗುರು ಜಯತೀರ್ಥರು ಕಾಪಾಡಲಿ ಎಂದು ಅಮ್ಮ ಪಕ್ಕದಿಂದ ಬರೆಸುತ್ತಿದ್ದಾಳೆ. ಕಾಗದದಲ್ಲಿ ಬೇರೆ ಏನಿದೆ ಎಂದು ಅವಳಿಗೆ ಗೊತ್ತಿಲ್ಲ.

ಜಗಳಗಂಟಿಯಾದರೂ ನಿನ್ನವಳೇ ಆದ ತಂಗಿ,
ಪದ್ಮಜಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕಾಕಾ ಬಂದರು, ಅವಸರದಲ್ಲಿ ಬರೆಯುತ್ತಿದ್ದೇನೆ, ಐದರೊಳಗೆ ಸ್ಪೀಡ್ ಪೋಸ್ಟಿಗೆ ಹಾಕಬೇಕು. ಮೇಲೆ ಗೆದ್ದೆ ಎಂದು ಬರೆದದ್ದನ್ನು ಹೊಡೆದುಹಾಕು. ಅವರ ಕೈಯಲ್ಲಿ ಚಿತ್ತಾಪುರದ ಬಾಂಡ್ ರೈಟರ್ ಬರೆದುಕೊಟ್ಟ ದಾನಪತ್ರದ ಕರಡು ಇದೆ. "ಆಚಾರ್ಯರು ಹೇಳಿದ್ದು ಖರೇ ಅದ. ಜಾಗ ಯಾರದೋ ಮೊಳ ಅವರದು. ಅದಕ್ಕ ಜಾಗಾನೇ ವಿಠ್ಠಲನ ಹೆಸರಿಗೆ ಮಾಡಿಬಿಡೋಣ, ಎಲ್ಲಾ ಸರಿ ಹೋಗ್ತದ" ಎಂದರು. ನಾನು ಸೇಡಂನಿಂದ ತಂದ ಮಾತನ್ನೇ ಹಿಡಿದು ಅಮ್ಮನ ಜಾಗವನ್ನೇ ತೆಗೆದರು, ನನ್ನ ಜಾಣತನಕ್ಕೆ ಬೆಂಕಿ ಬೀಳಲಿ. ಗುರುವಾರ ಹನ್ನೊಂದು ಗಂಟೆಗೆ ಚಿತ್ತಾಪುರದಲ್ಲಿ ನೋಂದಣಿ. ಅಮ್ಮ ಹೂಂ ಅಂದಿದ್ದಾಳೆ. ನಾನು ಬೇಡ ಬೇಡ ಎಂದು ಅತ್ತು ಕರೆದರೆ ಅವಳು ಹೇಳಿದ್ದು ಇದು: "ಅಂವ ಬ್ಯಾಡ ಅಂದರ ನಾ ಮಾಡಂಗಿಲ್ಲ. ನೀ ಬ್ಯಾಡ ಅಂದರ ಹೆಂಗ ನಡೀತದ, ನೀ ನಾಳೆ ಇನ್ನೊಬ್ಬರ ಮನಿಗೆ ಹೋಗಾಕಿ." ಆ ಮನೆಯ ಒಂದೊಂದು ಗೆರೆ ಎಳೆದವಳ ಬೇಡಕ್ಕೆ ಬೆಲೆ ಇಲ್ಲ. ಬುನಾದಿ ಯಾವ ದಿಕ್ಕಿಗಿದೆ ಎಂದೂ ಗೊತ್ತಿಲ್ಲದ ನಿನ್ನ ಬೇಡಕ್ಕೆ ಇದೆ. ಅದನ್ನು ನಿನ್ನ ಹತ್ತಿರ ಕೇಳಬೇಕಾಗಿ ಬಂದದ್ದಕ್ಕೂ ನನಗೆ ಸಿಟ್ಟಿದೆ, ಆದರೂ ಕೇಳುತ್ತಿದ್ದೇನೆ. ದಾನ ಪಡೆಯುವವನು ಒಪ್ಪಿದೆ ಎಂದು ಸಹಿ ಹಾಕದಿದ್ದರೆ ಆ ಪತ್ರ ನಿಲ್ಲುವುದಿಲ್ಲ. ಕಾಕಾ ನಿನಗೆ ರಜೆ ಹಾಕಿ ಬಾ ಎಂದು ಫೋನ್ ಮಾಡುತ್ತಾರೆ, ಸುಮ್ಮನೆ ಒಂದು ರೂಢಿ ಅನ್ನುತ್ತಾರೆ. ಬುಧವಾರದೊಳಗೆ ಅಮ್ಮನಿಗೆ ಫೋನ್ ಮಾಡಿ ಬೇಡ ಅನ್ನು. ಹೂಂ ಅನ್ನುವುದೇ ಆದರೆ ಫೋನಿನಲ್ಲಿ ಅನ್ನಬೇಡ. ಬೆಳಿಗ್ಗೆ ಆರಕ್ಕೆ ಇಲ್ಲಿಗೆ ಬಾ, ಹಾಲಿನಲ್ಲಿ ಮಂಚದ ಮೇಲೆ ಕಾಲೆತ್ತಿಕೊಂಡು ಕೂತಿರು, ಅಮ್ಮ ಒದ್ದೆ ಸೀರೆಯಲ್ಲಿ ನಿನ್ನ ಮುಂದೆ ಹಾದುಹೋಗುವಾಗ ಅವಳ ಮುಖ ನೋಡಿ ಅನ್ನು.